ಅತ್ತೆಯ ನೂಲಿನ ಮೆಟ್ಟು

ಔಡಲ ಎಣ್ಣೆ ಕಾಯುವ ವಾಸನೆಗೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ನನ್ನ ಅತ್ತೆ ನೆನಪಾಗುತ್ತಾರೆ. ಮೊನ್ನೆ ರಾಯಚೂರಿನ ಮನೆಯಲ್ಲಿ ಮೊಮ್ಮಗಳು ಹಿಮ್ಮಡಿ ಒಡೆದುಕೊಂಡು ಮಂಚದ ಮೇಲೆ ಕಾಲು ಚಾಚಿ ಕೂತುಬಿಟ್ಟಿದ್ದಳು. ನಡೆಯಲಾಗದು ಎಂದು ಕಾಲೇಜು ತಪ್ಪಿಸಿದ್ದಳು, ಊಟ ಬೇಡ ಎಂದಿದ್ದಳು, ಕೇಳಿದ್ದಕ್ಕೆಲ್ಲ ಸಿಡುಕುತ್ತಿದ್ದಳು. ನಾನು ಸಣ್ಣ ಬೋಗುಣಿಯಲ್ಲಿ ಔಡಲ ಎಣ್ಣೆಗೆ ಚೂರು ಜೇನುಮೇಣ ಹಾಕಿ ಕಾಸಲು ಇಟ್ಟೆ. ಇದು ಬಂಡಿಯ ಗಾಲಿಗೆ ಹಾಕುವುದಲ್ಲವೇ ಎಂದು ಅವಳು ಮುಖ ಸಿಂಡರಿಸಿದಳು. ಗಾಲಿಗೂ ಹಾಕುತ್ತಾರೆ, ನಿನ್ನ ಮುತ್ತಜ್ಜಿಗೂ ಹಾಕಿದ್ದೇನೆ, ಎರಡೂ ಚೆನ್ನಾಗಿ ಓಡಿದವು ಎಂದು ಹೇಳಿ ಅವಳ ಕಾಲನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ. ಆಮೇಲೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಿಜಾಮರ ಆಳ್ವಿಕೆಯ ಕಾಲ ಅದು. ರಾಯಚೂರಿನಿಂದ ನಾರಾಯಣಪೇಟೆಯ ನೇಕಾರರ ಓಣಿಗೆ ನಾನು ಸೊಸೆಯಾಗಿ ಬಂದು ಎರಡನೆಯ ಯುಗಾದಿ. ಕಚೇರಿಯ ಮಾತು ಉರ್ದು, ಬಜಾರಿನ ಮಾತು ತೆಲುಗು, ಮನೆಯೊಳಗಿನ ಜಗಳ ಮಾತ್ರ ಶುದ್ಧ ಕನ್ನಡ. ಮನೆಯಲ್ಲಿ ಇದ್ದವರು ಮೂವರೇ: ಅತ್ತೆ ಸಂಗಮ್ಮ, ನನ್ನ ಗಂಡ ವೀರಣ್ಣ, ಶರಣವ್ವ ಎಂಬ ನಾನು. ಆಗ ಗಂಡನ ಹೆಸರನ್ನು ಬಾಯಿಗೆ ತರುವಂತಿರಲಿಲ್ಲ, ಈಗ ಬರೆದರೆ ಯಾರು ಬಂದು ಕೇಳುತ್ತಾರೆ? ನಾದಿನಿ ಗೌರಮ್ಮನನ್ನು ಹೊಳೆಯಾಚೆ ಗದ್ವಾಲಕ್ಕೆ ಕೊಟ್ಟಿದ್ದರು. ಅವರದೂ ಮಗ್ಗದ ಮನೆಯೇ.

ಮಾವ ತೀರಿಕೊಂಡ ಮೇಲೆ ಅವರ ಮಗ್ಗ ಖಾಲಿ ಬೀಳಬಾರದೆಂದು ಅತ್ತೆಯೇ ಅದಕ್ಕೆ ಕೂತವರು, ಇನ್ನೊಂದು ಮಗ್ಗ ನನ್ನ ಗಂಡನದು. ನಮ್ಮದು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿನ ಮೇಲೆ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ತುಳಿದಂತೆಲ್ಲ ಹಾಸಿನ, ಅಂದರೆ ಉದ್ದಕ್ಕೆ ಚಾಚಿದ, ಎಳೆಗಳು ಬಾಯಿ ಬಿಡುತ್ತವೆ, ಆ ಸಂದಿನಲ್ಲಿ ಅಡ್ಡ ನೂಲಿನ ಲಾಳಿ ಓಡುತ್ತದೆ. ನೋಡಲು ಬಂದವರೆಲ್ಲ ಕೈಚಳಕವನ್ನು ಹೊಗಳಿ ಹೋಗುತ್ತಾರೆ, ಕೆಳಗೆ ಕತ್ತಲಲ್ಲಿ ದುಡಿಯುವ ಕಾಲನ್ನು ಯಾರೂ ಬಗ್ಗಿ ನೋಡುವುದಿಲ್ಲ. ಅತ್ತೆ ಕುಣಿಯಲ್ಲಿ ಕಾಲಾಡಿಸುವ ಸದ್ದಿಗೆ ಓಣಿಯವರು ಹೊತ್ತು ಗೊತ್ತು ಮಾಡಿಕೊಳ್ಳುತ್ತಿದ್ದರು.

ಆದರೆ ಅತ್ತೆಯ ಮೈಯನ್ನು ಗಟ್ಟಿಯಾಗಿಟ್ಟಿದ್ದು ಕುಣಿಯಲ್ಲ, ಓಣಿ. ಬೆಳಗಿನ ಲಿಂಗಪೂಜೆ ಮುಗಿದ ಕೂಡಲೆ ಓಣಿಯುದ್ದಕ್ಕೂ ಗೂಟ ನೆಟ್ಟು, ಕೈಯಲ್ಲಿ ನೂಲು ಹಿಡಿದು, ಈ ತುದಿಯಿಂದ ಆ ತುದಿಗೆ ನಡೆದು ನಡೆದು ಹಾಸು ಹಾಕುತ್ತಿದ್ದೆವು. ಒಂದು ಹಾಸು ಮುಗಿಯುವಷ್ಟರಲ್ಲಿ ಪಕ್ಕದೂರಿಗೆ ಹೋಗಿ ಬಂದಷ್ಟು ನಡಿಗೆ. ಅತ್ತೆ ಮುಂದೆ, ನಾನು ಹಿಂದೆ. ನನ್ನ ವಯಸ್ಸಿಗೆ ಅವರ ನಡಿಗೆ ಹಿಡಿಯಲು ಆಗುತ್ತಿರಲಿಲ್ಲ, ಅದನ್ನು ಅವರು ದಿನಾ ಒಮ್ಮೆ ಎತ್ತಿ ಆಡದೆ ಬಿಡುತ್ತಿರಲಿಲ್ಲ. ಆ ವರ್ಷ ಸೊಲ್ಲಾಪುರದ ಕಡೆಯಿಂದ ಒಂದು ದೊಡ್ಡ ಮರದ ಚಕ್ರ ಓಣಿಗೆ ಬಂತು. ಕೂತಲ್ಲೇ ತಿರುವಿದರೆ ಹಾಸು ತಾನೇ ಸುತ್ತಿಕೊಳ್ಳುತ್ತದೆ. ಎಲ್ಲರಿಗೂ ಖುಷಿ, ಎಲ್ಲರಿಗಿಂತ ಹೆಚ್ಚು ನನಗೆ. ನಡೆಯುವ ಹೊತ್ತು ಉಳಿಯಿತಲ್ಲ ಎಂದು ಅತ್ತೆ ಆ ಹೊತ್ತನ್ನೂ ಕುಣಿಯಲ್ಲೇ ಕಳೆಯತೊಡಗಿದರು.

ಬೇಸಿಗೆಯ ಒಣಗಾಳಿಗೆ ಹಾಸಿನ ಎಳೆ ಪಟ್ಟಂತ ಹರಿಯುತ್ತದೆ. ಅದಕ್ಕೆ ನಮ್ಮವರು ಕುಣಿಯಲ್ಲಿ ನೀರು ಹೊಯ್ಯುವುದುಂಟು, ಕೆಳಗಿನ ತಂಪು ಮೇಲಿನ ನೂಲಿಗೆ ಏರಲಿ ಎಂದು. ಬೇರೆಯವರು ಚರಿಗೆಯಲ್ಲಿ ಹೊಯ್ದರೆ ಅತ್ತೆ ಕೊಡವನ್ನೇ ಬಗ್ಗಿಸುತ್ತಿದ್ದರು. ಸಂಗಮ್ಮನ ಸೀರೆಯಲ್ಲಿ ಗಂಟು ಹಾಕಿದ ಎಳೆ ಹುಡುಕಿದರೂ ಸಿಗದು ಎಂಬ ಮಾತು ಬಜಾರಿನಲ್ಲಿತ್ತು, ಆ ಮಾತು ಅವರಿಗೆ ಹೋಳಿಗೆ ಊಟಕ್ಕಿಂತ ರುಚಿ. ಬೆಳಗಿನಿಂದ ದೀಪ ಹಚ್ಚುವ ತನಕ ಕಾಲು ಕೆಸರಿನಲ್ಲಿ. ನೂಲು ಹರಿಯಲಿಲ್ಲ. ಕಾಲು ಹರಿಯಿತು.

ಮೊದಲು ಬೆರಳ ಸಂದಿ ಬೆಳ್ಳಗಾಗಿ ತುರಿಸಿತು. ಆಮೇಲೆ ಚರ್ಮ ಸುಲಿದು ಕೆಂಪಗಾಯಿತು. ಹಿಮ್ಮಡಿಗಳು ಕುಣಿಯಲ್ಲಿ ನೆನೆದು, ಮೇಲೆ ಬಂದು ಒಣಗಿ, ಮತ್ತೆ ನೆನೆದು, ಬೇಸಿಗೆಯ ಎರೆಹೊಲದ ಹಾಗೆ ಬಿರಿದವು. ಮಳೆ ಹಿಡಿದಾಗ ಕುಣಿಯ ಗೋಡೆಯೇ ಒಸರತೊಡಗಿತು. ಬೇವಿನೆಲೆ, ಅರಿಷಿಣ, ಓಣಿಯವರು ಹೇಳಿದ ಲೇಪಗಳು ಎಲ್ಲವೂ ಆದವು, ಲೇಪ ಹಚ್ಚಿದ ಕಾಲು ಮರುದಿನ ಮತ್ತೆ ಅದೇ ಕುಣಿಗೆ ಇಳಿಯುತ್ತಿತ್ತು. ನಾಗರಪಂಚಮಿಯ ಹೊತ್ತಿಗೆ ಅತ್ತೆಗೆ ಹೆಜ್ಜೆ ಊರಲಾಗಲಿಲ್ಲ.

ನಮ್ಮ ಕಡೆ ಹಿರಿಯರಿಗೆ ಕಾಲುನೋವೆಂದರೆ ಮಾಡುವ ಸೇವೆ ಒಂದೇ, ಅವರನ್ನು ಏಳಗೊಡದಿರುವುದು. ಕೂತಲ್ಲಿಗೆ ನೀರು, ಕೂತಲ್ಲಿಗೆ ರೊಟ್ಟಿ. ಹಿತ್ತಲಿಗೆ ಹೋಗಬೇಕಾದರೆ ಮಗ ಎತ್ತಿಕೊಂಡು ಹೋಗುತ್ತಿದ್ದ, ಓಣಿಯ ಹೆಂಗಸರು ಅಂಥ ಮಗನನ್ನು ಹಡೆದ ಪುಣ್ಯವನ್ನು ಕೊಂಡಾಡಿ ಹೋಗುತ್ತಿದ್ದರು. ಕಾಲಿನ ಹುಣ್ಣು ಮಾತ್ರ ಕಾಲಿನಲ್ಲೇ ನಿಲ್ಲಲಿಲ್ಲ. ಹಸಿವು ಸತ್ತಿತು, ಹೊಟ್ಟೆ ಕಟ್ಟಿತು. ಮಡಚಿದ ಮೊಣಕಾಲು ಬಿಚ್ಚಲು ಹಟ ಹಿಡಿಯಿತು. ಗೋಡೆ ಹಿಡಿದು ಎದ್ದರೆ ಸಾಕು, ಉಸಿರು ಮೇಲಕ್ಕೆ ಹತ್ತುತ್ತಿತ್ತು. ಹಗಲೆಲ್ಲ ತೂಕಡಿಕೆ, ರಾತ್ರಿ ನಿದ್ದೆಯಿಲ್ಲ. ತೋಳಿನ ಬೆಳ್ಳಿ ಕಡಗ ಮೊಣಕೈ ದಾಟಿ ಇಳಿಯತೊಡಗಿತು. ಕೊನೆಗೆ ನನ್ನನ್ನು ಬೈಯುವುದನ್ನೂ ಬಿಟ್ಟರು. ರೊಟ್ಟಿ ಸೀದರೂ ಮಾತಿಲ್ಲ, ನೂಲು ಸಿಕ್ಕಾದರೂ ಮಾತಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಗೌರಮ್ಮನಿಗೆ ಆಗ ಆರು ತಿಂಗಳು. ಹಿಂದಿನ ವರ್ಷ ಒಂದು ಬಸಿರು ನಿಲ್ಲದೆ ಹೋಗಿತ್ತು, ಹೀಗಾಗಿ ಈ ಸಲ ತಾಯಿಯ ಹತ್ತಿರವೇ ಹೆರಬೇಕೆಂದು ಅವಳಿಗೆ ಬಲು ಆಸೆ. ದಸರೆಗೆ ನನ್ನ ಗಂಡ ಬನ್ನಿ ಕೊಟ್ಟು ಕರೆದು ಬರಲು ಗದ್ವಾಲಕ್ಕೆ ಹೋದರು. ಗೌರಮ್ಮನ ಅತ್ತೆ ಈರಮ್ಮ, ನಮ್ಮ ಬೀಗತಿ, ಊಟಕ್ಕೆ ಚೆನ್ನಾಗಿ ಬಡಿಸಿ ಮಾತನ್ನು ಮಾತ್ರ ಖಾರವಾಗಿ ಕೊಟ್ಟು ಕಳಿಸಿದ್ದರು. ನನ್ನ ಗಂಡ ಅದನ್ನು ಮುಚ್ಚಿಡಲು ನೋಡಿದರು. ಆದರೆ ಮುಚ್ಚಿಡುವ ವಿದ್ಯೆ ಅವರಿಗೆ ಎಂದೂ ಬಂದದ್ದಲ್ಲ. ಅತ್ತೆ ಮೂರನೆಯ ಸಲ ಕೇಳಿದಾಗ ಹೇಳಿಯೇಬಿಟ್ಟರು.

"ಎದ್ದು ತಾನು ನೀರು ಕುಡಿಯಾಕ ಆಗದಾಕಿ ನನ್ನ ಸೊಸಿ ಬಾಣಂತನ ಏನು ಮಾಡ್ತಾಳ ಅಂದ್ರು. ನನ್ನ ಹೊಸ್ತಿಲಿಗೆ ತನ್ನ ಕಾಲಾಗ ನಡಕೊಂಡು ಬರಲಿ, ಕಳಸ್ತೀನಿ ಅಂದ್ರು."

ಗೌರಮ್ಮ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳಂತೆ. ಅದನ್ನು ಕೇಳಿ ಅತ್ತೆಯೂ ಅತ್ತರು. ಗಂಡ ಸತ್ತಾಗಲೂ ಹತ್ತು ಜನರ ಮುಂದೆ ಕಣ್ಣೀರು ಹಾಕದ ಹೆಂಗಸೆಂದು ಓಣಿಯಲ್ಲಿ ಹೆಸರಾದವರು, ಸೊಸೆಯ ಮುಂದೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ನನಗೆ ಬೀಗತಿಯ ಮೇಲೆ ಸಿಟ್ಟು ಬಂತು. ಆದರೆ ಆ ಮಾತಿನಲ್ಲಿ ಸುಳ್ಳಿಲ್ಲವಲ್ಲ ಎಂದು ಇನ್ನೂ ಹೆಚ್ಚು ಸಂಕಟವಾಯಿತು. ಮರುದಿನ ಬೆಳಿಗ್ಗೆ ಅತ್ತೆ ತಾವಾಗಿಯೇ ಬಂಡಿ ಕಟ್ಟಿಸು ಎಂದರು. ಮಕ್ತಲ್‌ನ ಸರ್ಕಾರಿ ದವಾಖಾನೆಗೆ ಬಂದಿದ್ದ ಡಾಕ್ಟರ್ ಸಾಹೇಬರ ಕೈಗುಣ ಚೆನ್ನಾಗಿದೆ ಎಂದು ಓಣಿಯಲ್ಲಿ ಸುದ್ದಿಯಿತ್ತು. ಉಟ್ಕೂರಿನಲ್ಲಿ ಎತ್ತಿಗೆ ನೀರು ಕುಡಿಸಿ, ಜೋಳದ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಕುಲುಕಾಡುತ್ತ ಹೋದೆವು.

ಡಾಕ್ಟರ್ ಸಾಹೇಬರು ಅತ್ತೆಯ ಕಾಲನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡು ನೋಡಿದರು. ಪರ ಗಂಡಸು ಕಾಲು ಹಿಡಿದನಲ್ಲ ಎಂದು ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಸಾಹೇಬರು ಕಾಲನ್ನು ನೋಡುತ್ತಲೇ ಹೊಟ್ಟೆಯದು, ನಿದ್ದೆಯದು, ಉಸಿರಿನದು ಒಂದೊಂದೇ ಕೇಳಿದರು, ಎಲ್ಲ ಕೇಳಿ ದಖನಿ ಉರ್ದುವಿನಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಇದು ನೀರಿನಲ್ಲಿ ಕೊಳೆತ ಕಾಲು. ಔಷಧಿಯ ನೇರಳೆ ನೀರಿನಿಂದ ತೊಳೆಯಬೇಕು, ಬೆರಳ ಸಂದಿ ಒಣಗಿಸಿಯೇ ಬಿಡಬೇಕು, ಎಣ್ಣೆ ಹಿಮ್ಮಡಿಗೆ ಮಾತ್ರ, ಸಂದಿಗೆ ಬೇಡ. ಹಸಿ ಹುಣ್ಣು ಮಾಯ್ದ ದಿನದಿಂದ ನಡೆಯಬೇಕು. ಕಾಲು ಕೂತಿತೆಂದೇ ಹೊಟ್ಟೆ, ಮೊಣಕಾಲು, ಎದೆ ಎಲ್ಲವೂ ಜೊತೆಗೆ ಕೂತಿವೆ, ಅವುಗಳಿಗೆ ನನ್ನಲ್ಲಿ ಬೇರೆ ಔಷಧಿ ಇಲ್ಲ ಎಂದರು. ನಡೆಯಲಾಗದೆ ಬಂದವಳಿಗೆ ನಡೆ ಎನ್ನುವ ಡಾಕ್ಟರನನ್ನು ಎಲ್ಲೂ ಕಂಡಿಲ್ಲ ಎಂದು ಅತ್ತೆ ಬಂಡಿಯಲ್ಲಿ ಊರು ಬರುವ ತನಕ ಗೊಣಗಿದರು. ಎಷ್ಟೋ ದಿನದ ಮೇಲೆ ಅವರು ಗೊಣಗಿದ್ದು ಕೇಳಿ ನನಗೆ ಜೀವ ಬಂದಂತಾಯಿತು.

ಮನೆಗೆ ಬಂದವಳೇ ನಾನು ಯಜಮಾನಿಕೆ ವಹಿಸಿಕೊಂಡೆ. ಎರಡೂ ಕುಣಿಗಳ ಕೆಸರು ತೆಗೆಸಿ ಹಳ್ಳದ ಒಣ ಮರಳು ಹಾಕಿಸಿದೆ. ಎಳೆ ಹರಿಯುತ್ತದಲ್ಲ ಎಂದು ನನ್ನ ಗಂಡ ತಲೆ ಕೆರೆದುಕೊಂಡರೆ, ತಂಪು ಬೇಕಾದದ್ದು ನೂಲಿಗೆ ತಾನೇ, ನೂಲಿನ ಹತ್ತಿರವೇ ಇರಲಿ ಎಂದು ಗೋಣಿಚೀಲ ನೆನೆಸಿ ಮಗ್ಗದ ಮಗ್ಗುಲಿಗೆ ತೂಗುಹಾಕಿದೆ. ಬೆಳಿಗ್ಗೆ ಸಂಜೆ ಅತ್ತೆಯ ಕಾಲು ತೊಳೆದು ಹಳೆಯ ಮೆತ್ತನೆಯ ಸೀರೆ ತುಂಡಿನಿಂದ ಒಂದೊಂದು ಬೆರಳನ್ನೂ ಬಿಡಿಸಿ ಒರೆಸುತ್ತಿದ್ದೆ, ಹಿಮ್ಮಡಿಗೆ ಔಡಲ ಎಣ್ಣೆ ಮೇಣ ಕಾಸಿ ಹಚ್ಚುತ್ತಿದ್ದೆ. ಮೊದಲು ನಾಚಿದರು, ಆಮೇಲೆ ಬೈದರು, ಆಮೇಲೆ ಒಂದು ದಿನ ನಾನು ತಡಮಾಡಿದ್ದಕ್ಕೆ ತಾವೇ ಕರೆದರು. ದೀಪಾವಳಿಯ ಹೊತ್ತಿಗೆ ಹಸಿ ಮಾಯ್ದು ಹೊಸ ಚರ್ಮ ಬಂತು, ಹಿಮ್ಮಡಿಯ ಬಿರುಕು ಎಣ್ಣೆ ಮೇಣ ಕುಡಿದು ಕೂಡತೊಡಗಿತು.

ಹುಣ್ಣು ಹೋದರೂ ನಡಿಗೆ ಬರಲಿಲ್ಲ. ಹೊಸ ಚರ್ಮ ಎಳೆಯದು, ಓಣಿಯಲ್ಲಿ ಹರಳು ಮತ್ತು ಜಾಲಿಮುಳ್ಳು. ಒಂದು ಹರಳು ಒತ್ತಿದರೆ ಅತ್ತೆ ಅಲ್ಲೇ ಕೂತುಬಿಡುತ್ತಿದ್ದರು, ಮತ್ತೆ ಎಬ್ಬಿಸಲು ಎರಡು ದಿನ ಬೇಕು. ಹಾಸು ಚಾಚುವ ಓಣಿಯಲ್ಲಿ ತೊಗಲಿನ ಮೆಟ್ಟು ಹಾಕಿ ಓಡಾಡುವ ಪದ್ಧತಿ ಇರಲಿಲ್ಲ, ಅತ್ತೆಯಂತೂ ಜನ್ಮದಲ್ಲಿ ಮೆಟ್ಟಿದವರಲ್ಲ. ನಾನು ಪುಂಡಿನಾರು ಹೆಣೆದು ದಪ್ಪನೆಯ ಅಡಿ ಮಾಡಿದೆ. ಸೀರೆ ಇಳಿಸಿದ ಮೇಲೆ ಮಗ್ಗದಲ್ಲಿ ಉಳಿಯುವ ತುಂಡು ಎಳೆಗಳನ್ನು ಕೂಡಿಸಿ ಅದರ ಮೇಲೆ ಮೆತ್ತೆಯಂತೆ ಹೊಲಿದೆ, ಬೆರಳಿಗೆ ಹಿಮ್ಮಡಿಗೆ ಪಟ್ಟಿ ಕಟ್ಟಿದೆ. ಕೆಂಪು, ಹಸಿರು, ಅರಿಷಿಣ ಬಣ್ಣದ ಎಳೆಗಳು ಸೇರಿ ಮೆಟ್ಟು ಮದುಮಗಳದಾಯಿತು. ನನ್ನ ಕೈಕೆಲಸಕ್ಕೆ ನಾನೇ ಮೆಚ್ಚಿ ಅತ್ತೆಯ ಮುಂದೆ ಇಟ್ಟೆ. ಅವರು ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

ಹೀಗಾಗುತ್ತದೆಂದು ಮೊದಲೇ ಎಣಿಸದೆ ಇದ್ದದ್ದು ನನ್ನ ದಡ್ಡತನ. ನಮ್ಮವರಲ್ಲಿ ನೂಲಿಗೆ ಕಾಲು ತಾಗಿದರೆ ಕೂಡಲೆ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಅನ್ನ ಕೊಡುವ ನೂಲನ್ನು ಕಾಲ ಕೆಳಗೆ ಹಾಕಿಕೊಳ್ಳುವುದೆಂದರೆ?

"ನೂಲು ಮೆಟ್ಟಿಕೊಂಡು ಮಗಳ್ನ ಕರಿಯಾಕ ಹೋಗ್ಲೇನ? ಆಕಿಗೆ ಒಳ್ಳೇದಾಗ್ತೈತೇನ ಶರಣವ್ವ?" ಎಂದರು ಅತ್ತೆ. ಸಿಟ್ಟಿರಲಿಲ್ಲ ಅದರಲ್ಲಿ. ಹಿಂದಿನ ಬಸಿರು ಹೋದದ್ದು ಅವರ ಮನಸ್ಸಿನಲ್ಲಿತ್ತು.

ಮಧ್ಯಾಹ್ನ ನನ್ನ ಗಂಡನ ಊಟವಾದ ಮೇಲೆ ಅತ್ತೆಯ ಮಗ್ಗದ ಕುಣಿಗೆ ಇಳಿದೆ. ತುಳಿಯುವ ಹಲಗೆಗೆ ಒಂದು ನೂಲಿನ ಹಗ್ಗ ಇರುತ್ತದೆ, ಅದರ ಕುಣಿಕೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹಲಗೆಯನ್ನು ಮೇಲೆ ಕೆಳಗೆ ಆಡಿಸುತ್ತಾರೆ. ಅತ್ತೆಯ ಬೆರಳಿನ ಬೆವರಿಗೆ ಕಪ್ಪಾಗಿ ಮಿರಮಿರ ಹೊಳೆಯುತ್ತಿದ್ದ ಆ ಹಗ್ಗವನ್ನು ಬಿಚ್ಚಿ ತಂದು ಅವರ ಮಡಿಲಲ್ಲಿ ಇಟ್ಟೆ.

"ಇದು ಯಾತರದು ಅತ್ತೀ?"

"ನೂಲಿಂದು."

"ಇಷ್ಟು ವರ್ಸ ಇದನ್ನ ಎಲ್ಲಿ ಹಾಕ್ಕೊಂಡಿದ್ರಿ? ಕಾಲ ಬೆರಳು ಹಿಡಕೊಂಡೇ ನೂಲು ಸೀರಿ ಆಗೇತ್ರಿ. ಕಾಲಂದ್ರ ನೂಲಿಗೆ ಹೇಸಿಗಿ ಇಲ್ಲ, ನಮಗ ಐತಿ."

ಅತ್ತೆ ಹಗ್ಗವನ್ನು ಬಹಳ ಹೊತ್ತು ಕೈಯಲ್ಲಿ ತಿರುವಿ ನೋಡಿದರು. ರಾಯಚೂರಿನವರಿಗೆ ಬಾಯಿ ದೊಡ್ಡದು ಎಂದರು. ಆಮೇಲೆ ಆ ಮೆಟ್ಟುಗಳನ್ನು ಎರಡೂ ಕೈಯಲ್ಲಿ ಎತ್ತಿ ಒಂದೊಂದಾಗಿ ಕಣ್ಣಿಗೆ ಒತ್ತಿಕೊಂಡು ನೆಲಕ್ಕಿಟ್ಟರು. ಗೋಡೆ ಹಿಡಿದು ಎದ್ದು, ಅವುಗಳಲ್ಲಿ ಕಾಲಿಟ್ಟರು.

ಆದರೆ ಸುಮ್ಮನೆ ನಡೆಯಿರಿ ಎಂದರೆ ನಡೆಯುವವರಲ್ಲ ಅವರು. ಕೆಲಸವಿಲ್ಲದೆ ಅಡ್ಡಾಡಲು ತಾನೇನು ತಹಶೀಲ್ದಾರನೇ ಎಂದು ಕೇಳಿದರು. ಅದಕ್ಕೆ ನಾನು ಚಕ್ರದ ತಂಟೆ ಬಿಟ್ಟು, ಓಣಿಯಲ್ಲಿ ಮತ್ತೆ ಗೂಟ ನೆಟ್ಟೆ. ಕೂತು ಮಾಡುವ ಕೆಲಸವನ್ನು ನಡೆದು ಮಾಡುವ ಹುಚ್ಚರೆಂದು ಓಣಿಯವರು ಕಟ್ಟೆಯ ಮೇಲೆ ಕೂತು ನಕ್ಕರು. ಮೊದಲ ದಿನ ಎದುರುಮನೆಯ ತನಕ. ಕೈಗೆ ನೂಲು ಬಂದದ್ದೇ ಅತ್ತೆಯ ಗಮನವೆಲ್ಲ ಎಳೆಯ ಮೇಲೆ, ಕಾಲು ಅವರಿಗೆ ಮರೆತೇ ಹೋಗುತ್ತಿತ್ತು. ಮಾರ್ಗಶಿರ ಕಳೆಯುವಷ್ಟರಲ್ಲಿ ಓಣಿಯ ಆ ತುದಿಯ ಬಾವಿಕಟ್ಟೆ ಮುಟ್ಟಿ ತಿರುಗತೊಡಗಿದರು.

ಕಾಲು ಎದ್ದ ಮೇಲೆ ಮೊದಲು ಬಂದದ್ದು ಹಸಿವು. ಒಂದು ಬೆಳಿಗ್ಗೆ ಹಾಸು ಮುಗಿಸಿ ಬಂದವರು ಪುಂಡಿಪಲ್ಯದ ಜೊತೆ ರೊಟ್ಟಿ ತಿಂದು, ಇನ್ನೊಂದು ಹಾಕು ಎಂದು ತಟ್ಟೆ ಮುಂದೆ ಸರಿಸಿದರು. ನಾನು ಒಲೆಯ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಂಡೆ, ಹೊಗೆಯ ನೆಪ ಇತ್ತಲ್ಲ. ಆಮೇಲೆ ನಿದ್ದೆ ಬಂತು. ಉಸಿರು ತಾಳಕ್ಕೆ ಬಂತು, ಕಡಗ ತೋಳಿನಲ್ಲಿ ನಿಂತಿತು. ಕೊನೆಗೆ ಬೈಗುಳವೂ ಬಂತು. ನೂಲು ಹಿಡಿಯಲು ಬಾರದ ಸೊಸೆ, ನಡೆದರೆ ಎಮ್ಮೆ ನಡೆದಂತೆ ನಡೆಯುವ ಸೊಸೆ. ನನಗೆ ಹಬ್ಬವೋ ಹಬ್ಬ.

ಸಂಕ್ರಾಂತಿಯ ಮರುದಿನ ಗದ್ವಾಲಕ್ಕೆ ಹೊರಟೆವು. ಗೌರಮ್ಮನಿಗೆ ಒಂಬತ್ತು ಬಿದ್ದಿತ್ತು, ಇನ್ನು ತಡಮಾಡುವಂತಿರಲಿಲ್ಲ. ಮಕ್ತಲ್ ದಾಟಿ ಕೃಷ್ಣೆಯ ದಂಡೆಗೆ ಬಂದರೆ ಬಂಡಿ ಅಲ್ಲಿಗೇ ನಿಲ್ಲುತ್ತದೆ. ಆ ಕಾಲಕ್ಕೆ ಹೊಳೆ ಸಣ್ಣಗಾಗಿ, ಮಧ್ಯೆ ಬರೀ ಮರಳು. ಗಾಲಿ ಹೂತು ಹೋಗುವ ಆ ಮರಳಿನಲ್ಲಿ ಹರಗೋಲು ನಿಂತಿರುವ ಜಾಗದ ತನಕ ನಡೆದೇ ಹೋಗಬೇಕು. ನನ್ನ ಗಂಡ ರೂಢಿಯಂತೆ ತಾಯಿಯ ಮುಂದೆ ಬೆನ್ನು ಬಗ್ಗಿಸಿ ಕೂತರು. ಅತ್ತೆ ಆ ಬೆನ್ನನ್ನು ಬಳಸಿಕೊಂಡು ಮುಂದೆ ಹೋದರು.

ಮರಳಿನ ನಡಿಗೆ ಓಣಿಯ ನಡಿಗೆಯಲ್ಲ, ಇಟ್ಟ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ನಡುವೆ ಎರಡು ಕಡೆ ಅವರು ನಿಂತರು. ಒಂದು ಕಡೆ ಮೊಣಕಾಲು ಹಿಡಿದುಕೊಂಡು ಬಾಗಿದಾಗ, ಮುಗಿಯಿತು, ಇಲ್ಲಿಂದಲೇ ಹಿಂದಿರುಗಬೇಕೇನೋ ಎಂದುಕೊಂಡೆ. ಕೈ ಕೊಡಲು ಹೋದೆ. ಬೇಡ ಎನ್ನುವಂತೆ ಕೈ ಬೀಸಿ, ಉಸಿರು ಎಳೆದುಕೊಂಡು ಹೊರಟರು. ಪಾದ ಮುಳುಗುವ ನೀರು ಬಂದಾಗ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದರು. ಆ ನೀರು ದಾಟಿ ಮರಳ ಮೇಲೆ ಕೂತು, ಸೆರಗಿನ ತುದಿಯಿಂದ ಬೆರಳ ಸಂದಿಯನ್ನೆಲ್ಲ ಒರೆಸಿಕೊಂಡೇ ಮತ್ತೆ ಮೆಟ್ಟಿದರು. ಹರಗೋಲಿನವನು ಕಾದು ಕಾದು ಗದರಿದ. ಸಂದಿ ಒಣಗದೆ ಏಳುವುದಿಲ್ಲ ಎಂದು ಅವನಿಗೂ ಹೇಳಿದರು.

ಆಚೆ ದಂಡೆಯ ಬಾಡಿಗೆ ಬಂಡಿ ಗದ್ವಾಲದ ಕೋಟೆಯ ಹತ್ತಿರ ಬಂದಾಗ ಅತ್ತೆ ಇಳಿದುಬಿಟ್ಟರು. ಅಲ್ಲಿಂದ ಬೀಗರ ಓಣಿಯ ತನಕ ಸಂತೆಯ ನಡುವೆ ನಡೆದರು, ಓಣಿಯ ಮಗ್ಗದ ಸದ್ದು ಕೇಳಿದ ಮೇಲೆ ಇನ್ನೂ ಬೀಸಾಗಿ ನಡೆದರು. ಈರಮ್ಮ ಬಾಗಿಲಲ್ಲೇ ಇದ್ದರು. ನಮ್ಮನ್ನು ಕಂಡು, ನಮ್ಮ ಹಿಂದೆ ಬಂಡಿಗಾಗಿ ಹುಡುಕಿ, ಮತ್ತೆ ಅತ್ತೆಯನ್ನು ನೋಡಿದರು. ಒಳಗೆ ಹೋಗಿ ಕಾಲಿಗೆ ನೀರು ತಂದರು. ಅತ್ತೆ ಹೊಸ್ತಿಲ ಹೊರಗೆ ನಿಂತು ಮೆಟ್ಟು ಕಳಚಿದಾಗ ಅವರ ಕಣ್ಣು ಅಲ್ಲಿಗೆ ಬಿತ್ತು.

"ಅಯ್ಯ ಬೀಗತೇರ, ನೂಲು ಮೆಟ್ಟೀರಲ್ರಿ."

ಅತ್ತೆ ಅವಸರ ಮಾಡಲಿಲ್ಲ. ಕಾಲು ತೊಳೆದುಕೊಂಡು, ಕಟ್ಟೆಯ ಮೇಲೆ ಕೂತು, ಬೆರಳ ಸಂದಿ ಒರೆಸಿಕೊಳ್ಳುತ್ತ, ತಲೆಯೆತ್ತದೆ ಮಾತಾಡಿದರು.

"ನಿಮ್ಮ ಮಗ್ಗದಾಗ ಹಲಗಿ ಹಗ್ಗ ಎಲ್ಲಿ ಹಾಕ್ಕೊಂತೀರಿ? ಕಾಲ ಬೆರಳು ಹಿಡಕೊಂಡೇ ನೂಲು ಸೀರಿ ಆಗೇತ್ರಿ. ಕಾಲಂದ್ರ ನೂಲಿಗೆ ಹೇಸಿಗಿ ಇಲ್ಲ, ನಮಗ ಐತಿ."

ಒಂದಕ್ಷರ ಬಿಡದೆ ನನ್ನ ಮಾತು. ನಾನು ಪಕ್ಕದಲ್ಲೇ ಗಂಟು ಹೊತ್ತು ನಿಂತಿದ್ದೆ, ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಈರಮ್ಮ ಮೆಟ್ಟನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದರು. ಅವರ ಹಿಮ್ಮಡಿಯೂ ಬಿರಿದಿದ್ದನ್ನು ನಾನು ಆಗ ಕಂಡೆ. ಮೆಟ್ಟನ್ನು ಬಾಗಿಲ ಬದಿಗೆ ಜೋಡಿಸಿಟ್ಟು ಒಳಗೆ ಕೂಗಿ ಹೇಳಿದರು.

"ಗೌರೀ, ನಿನ್ನ ಗಂಟು ಕಟ್ಟವ್ವ. ನಿಮ್ಮವ್ವ ನಡಕೊಂಡು ಬಂದಾಳ."

ಗೌರಮ್ಮ ಗೋಡೆ ಹಿಡಿದು ಹೊರಗೆ ಬಂದಳು. ತಾಯಿಯ ಮುಖ ನೋಡಲಿಲ್ಲ, ಮೊದಲು ಕಾಲು ನೋಡಿದಳು. ಅತ್ತೆ ಕಟ್ಟೆಯಿಂದ ಎದ್ದು ನಿಂತರು. ಗೌರಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದಳು, ತುಂಬಿದ ಹೊಟ್ಟೆ ಬಗ್ಗಗೊಡಲಿಲ್ಲ. ಕೈ ಅರ್ಧಕ್ಕೇ ನಿಂತಿತು. ಆಗ ಅತ್ತೆ ಯಾರನ್ನೂ ಹಿಡಿಯದೆ, ಯಾವ ಗೋಡೆಗೂ ಆತುಕೊಳ್ಳದೆ, ಒಂದೇ ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಎತ್ತಿ ಕಟ್ಟೆಯ ಮೇಲೆ ಮಗಳ ಕೈಗೆ ಎಟುಕುವಂತೆ ಇಟ್ಟರು.